ದುರ್ಬೀನಿನವನ ಕತೆಗೆ ನಾನು ಕೊಟ್ಟ ಕೊನೆ

ಆಟೋದ ಮೇಲೆ ಎರಡು ಡಬ್ಬಿ ಕಟ್ಟಿಕೊಂಡು, ಮೊಬೈಲಿನಲ್ಲಿ ಮುದ್ರಿಸಿದ ದನಿಯನ್ನು ಊರ ತುಂಬ ಬಿಟ್ಟುಕೊಂಡು ಹೋಗುವ ಹುಡುಗರೇ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಆಗಿನ ಕಾಲದಲ್ಲಿ ಹೇಗೆ ಮಾಡುತ್ತಿದ್ದಿರಿ ಎಂದು ನೀವೇ ಬಂದು ಕೇಳುತ್ತೀರಿ. ನಾನು ಬಾಯಿ ತೆರೆಯುವಷ್ಟರಲ್ಲಿ ನಿಮಗೊಂದು ಫೋನು ಬರುತ್ತದೆ, ಎದ್ದು ಹೋಗುತ್ತೀರಿ. ಬರೆದದ್ದಾದರೆ ಎದ್ದು ಹೋದರೂ ಇಲ್ಲೇ ಬಿದ್ದಿರುತ್ತದೆ.

ನಾನು ಗಂಗಾವತಿಯ ಒಂದು ಟಾಕೀಸಿಗೆ ಟಾಂಗಾದಲ್ಲಿ ಕುಳಿತು ಸಿನಿಮಾ ಸಾರುತ್ತಿದ್ದವನು. ಅದಕ್ಕೂ ಮೊದಲು ಕುಷ್ಟಗಿ, ಯಲಬುರ್ಗಾ ಕಡೆ ಡೇರೆ ಹಾಕಿಕೊಂಡು ತಿರುಗುವ ಟೂರಿಂಗ್ ಟಾಕೀಸಿನಲ್ಲಿ ಇದೇ ಕೆಲಸ. ಸಂಬಳ ಯಾವಾಗ ಏರಿತು, ಮ್ಯಾನೇಜರ್ ಎಂದು ಯಾವಾಗ ಕರೆದರು, ಅದೆಲ್ಲ ನಿಮಗೆ ಬೇಡ, ನನಗೂ ನೆನಪಿಲ್ಲ. ಗಂಟಲು ಕಟ್ಟಿದರೆ ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದರೆ ಸರಿಹೋಗುತ್ತದೆ. ಬಾಯಿಂದ ಹೊರಟ ಮಾತು ಎಲ್ಲಿಗೆ ಹೋಗಿ ಏನು ಮಾಡೀತೋ ಎಂಬ ಅಂಜಿಕೆ ಮಾತ್ರ ನನಗೆ ಈ ವಯಸ್ಸಿನಲ್ಲೂ ಹೋಗಿಲ್ಲ.

ಡೇರೆ ಟಾಕೀಸಿನ ದಿನಗಳಲ್ಲಿ ಮೈಕು ಇರಲಿಲ್ಲ. ತಗಡಿನ ಕಹಳೆಯೊಂದನ್ನು ಬಾಯಿಗೆ ಹಚ್ಚಿಕೊಂಡು ನಾನು ಕೂಗುತ್ತಿದ್ದೆ, ಮುಂದೆ ಒಬ್ಬ ಹಲಗೆ ಬಾರಿಸುತ್ತ ನಡೆಯುತ್ತಿದ್ದ. ಒಮ್ಮೆ ಕಾಡಿನ ಸಿನಿಮಾ ಬಂದಿತ್ತು. ಯಲಬುರ್ಗಾದ ಸಂತೆಯಲ್ಲಿ ಜನ ತಿರುಗಿ ನೋಡಲಿ ಎಂದು ಕಹಳೆಯೊಳಗೆ ಹುಲಿಯ ಹಾಗೆ ಗುರುಗುಟ್ಟಿದೆ. ಜನ ನೋಡಲಿಲ್ಲ, ಎತ್ತು ನೋಡಿದವು. ದನದ ಸಂತೆಯ ಅರ್ಧ ಎತ್ತು ಹಗ್ಗ ಕಿತ್ತುಕೊಂಡು ಮೆಣಸಿನಕಾಯಿ ರಾಶಿಯ ಮೇಲೆ ಓಡಿದವು. ಒಬ್ಬ ಮುದುಕಿಯ ಕಾಲು ಮುರಿಯಿತು. ನಾನು ಒಂದು ಚಕ್ಕಡಿಯ ಕೆಳಗೆ ಅಡಗಿಕೊಂಡು, ಹಲಗೆಯವನಿಗೆ ಬೀಳುತ್ತಿದ್ದ ಏಟುಗಳನ್ನು ಕೇಳುತ್ತ ಕುಳಿತಿದ್ದೆ. ಅಂದು ಮೊದಲ ಸಲ ಈ ಕೆಲಸಕ್ಕೆ ಹೆದರಿದೆ.

ಗಂಗಾವತಿಗೆ ಬಂದ ಮೇಲೆ ಬ್ಯಾಟರಿಯ ಮೈಕು ಸಿಕ್ಕಿತು, ಇಮಾಮಸಾಬನ ಟಾಂಗಾ ಸಿಕ್ಕಿತು, ಮತ್ತು ನಮ್ಮ ಸಾವಕಾರರು ಸಿಕ್ಕರು. ಸಾವಕಾರರು ಟಾಕೀಸಿನ ಮಾಲೀಕರು, ಜೊತೆಗೆ ಒಂದು ಅಕ್ಕಿ ಗಿರಣಿಯೂ ಇತ್ತು. ಕೆಟ್ಟ ಮನುಷ್ಯರಲ್ಲ, ಆದರೆ ಖಾಲಿ ಬೆಂಚು ಕಂಡರೆ ಅವರಿಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ನಾನು ಸಾರುವುದನ್ನು ಸಂದಿಯಲ್ಲಿ ನಿಂತು ಕದ್ದು ಕೇಳುತ್ತಿದ್ದರು, ರಾತ್ರಿ ಕರೆದು ತಪ್ಪು ಹೇಳುತ್ತಿದ್ದರು. ಅವರ ಕಾನೂನು ಎರಡೇ. ಮೊದಲನೆಯದು, ಕತೆ ಎಲ್ಲಿಯದೇ ಇರಲಿ, ಅದನ್ನು ನಮ್ಮೂರಿನದು ಮಾಡಬೇಕು. ಎರಡನೆಯದು, ಕತೆಯನ್ನು ಕೊರಳಿಗೆ ಕತ್ತಿ ಬರುವ ತನಕ ಮಾತ್ರ ಹೇಳಿ, "ಮುಂದೇನಾಯಿತು, ಬೆಳ್ಳಿಪರದೆಯ ಮೇಲೆ ನೋಡಿ ಆನಂದಿಸಿ" ಎಂದು ಬಾಯಿ ಮುಚ್ಚಬೇಕು. ಕೊನೆ ಹೇಳಿದವನಿಗೆ ಮರುದಿನ ಕೆಲಸವಿಲ್ಲ.

ಆ ವರ್ಷಗಳಲ್ಲಿ ಹುಡುಗ ಹುಡುಗಿಯರೇ ಗೂಢಚಾರರಾಗುವ ಸಿನಿಮಾಗಳು ಒಂದರ ಹಿಂದೊಂದು ಬರುತ್ತಿದ್ದವು. ಹದಿನಾಲ್ಕು ಹದಿನೈದರ ಮಕ್ಕಳು, ವೈರಿ ದೇಶದ ಬೇಹುಗಾರ, ಗವಿ, ಗುಪ್ತ ಸಂಕೇತ, ಕೊನೆಗೆ ಒಂದು ಹೊಡೆದಾಟ. ಎಲ್ಲವೂ ಕಿಸೆಗಾತ್ರದ ಕಾದಂಬರಿಗಳಿಂದ ತೆಗೆದವು. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಆ ಪುಸ್ತಕಗಳನ್ನು ದಾರಕ್ಕೆ ಜೋತುಹಾಕಿ ಮಾರುತ್ತಿದ್ದರು, ಹುಡುಗರು ಬಾಡಿಗೆಗೆ ಒಯ್ದು ಮುಖಪುಟ ಹರಿಯುವ ತನಕ ಓದುತ್ತಿದ್ದರು. ಹೀಗಾಗಿ ನಾನು ಸಾರುವಾಗ "ಪ್ರಸಿದ್ಧ ಕಾದಂಬರಿ ಆಧಾರಿತ" ಎಂಬ ಮಾತನ್ನು ಎಳೆದು ಎಳೆದು ಹೇಳಬೇಕಿತ್ತು. ಪೇಟೆಯವರಿಗೆ ಅದರ ಅರ್ಥ ಒಂದು. ಹಳ್ಳಿಯವರ ಕಿವಿಯಲ್ಲಿ ಅದು ಏನಾಗುತ್ತದೆ ಎಂದು ನಾನಾಗಲಿ ಸಾವಕಾರರಾಗಲಿ ಯೋಚಿಸಿದವರಲ್ಲ.

"ಅಣೆಕಟ್ಟಿನ ಗುಟ್ಟು" ಎಂಬ ಸಿನಿಮಾ ಬಂದಿತು. ಒಂದು ದೊಡ್ಡ ಅಣೆಕಟ್ಟು, ಅದನ್ನು ಒಡೆಯಲು ಎಂಜಿನಿಯರನ ವೇಷದಲ್ಲಿ ಬಂದ ಬೇಹುಗಾರ, ಅವನ ಕೈಯಲ್ಲಿ ಮೂರು ಕಾಲಿನ ದುರ್ಬೀನು, ಅವನ ಬೆನ್ನು ಹತ್ತಿದ ನಾಲ್ವರು ಶಾಲಾ ಮಕ್ಕಳು. ಸಾವಕಾರರು ಕೈ ಉಜ್ಜಿಕೊಂಡರು. ಮುನಿರಾಬಾದಿನ ಡ್ಯಾಮು ಅಲ್ಲೇ ಇದೆ, ಕಾಲುವೆ ಎಲ್ಲರ ಹೊಲಕ್ಕೆ ಬಂದಿದೆ. ನಮ್ಮ ಡ್ಯಾಮು ಎಂದೇ ಹೇಳು ಅಂದರು. ಯುದ್ಧ ಮುಗಿದು ಬಹಳ ವರ್ಷವೇನೂ ಆಗಿರಲಿಲ್ಲ. ಡ್ಯಾಮಿನ ಮೇಲೆ ಬಾಂಬು ಬೀಳುತ್ತದೆ ಎಂದು ಕಂದೀಲು ಆರಿಸಿ ಕತ್ತಲಲ್ಲಿ ಕುಳಿತದ್ದನ್ನು ಜನ ಮರೆತಿರಲಿಲ್ಲ. ನಾನು ಹೇಳಿದೆ. ಹೇಳಿದೆನೆಂದರೆ ಸುಮ್ಮನೆ ಹೇಳಲಿಲ್ಲ, ಕಾರಟಗಿ ದಾರಿಯ ಪ್ರತಿ ಹಳ್ಳಿಯಲ್ಲೂ ಟಾಂಗಾ ನಿಲ್ಲಿಸಿ, ದನಿ ಇಳಿಸಿ, ಮುದುಕರು ಕಿವಿಗೆ ಕೈ ಹಚ್ಚುವ ಹಾಗೆ ಹೇಳಿದೆ. ವೈರಿ ಬಂದಿದ್ದಾನೆ, ಕಾಲುವೆಯ ದಂಡೆಯಲ್ಲೇ ಇದ್ದಾನೆ, ಕೈಯಲ್ಲಿ ದುರ್ಬೀನಿದೆ, ಮುಂದೇನಾಯಿತು. ಕೆಲಸ ಅಂದರೆ ಹಾಗೆ ಮಾಡಬೇಕು ಎಂದು ನನಗೆ ನಾನೇ ಶಾಭಾಸ್ ಅಂದುಕೊಂಡೆ.

ಸಿನಿಮಾ ಟಾಕೀಸಿನಲ್ಲಿ ಓಡತೊಡಗಿದ ಮೇಲೆ ಅದೇ ಹಳ್ಳಿಗಳಿಗೆ ಇನ್ನೊಂದು ಸುತ್ತು ಹೊರಟೆವು. ಒಂದು ಹಳ್ಳಿ ಇದೆ, ಹೆಸರು ಬರೆಯುವುದಿಲ್ಲ, ಅಲ್ಲಿಯವರು ಇವತ್ತಿಗೂ ನನ್ನನ್ನು ಕಂಡರೆ ಚಹಾ ಕುಡಿಸದೆ ಬಿಡುವುದಿಲ್ಲ. ಬೆಳಗಿನ ಹೊತ್ತು. ಯಾವ ಊರಿಗೆ ಹೋದರೂ ಟಾಂಗಾದ ಹಿಂದೆ ಮಕ್ಕಳ ಹಿಂಡು ಓಡಿಬರುವುದು ರೂಢಿ. ಅಂದು ಒಂದು ಮಗುವೂ ಬರಲಿಲ್ಲ. ಅಂಗಡಿ ಮುಚ್ಚಿತ್ತು, ಬಾವಿಯ ಹತ್ತಿರ ಕೊಡಗಳಿದ್ದವು, ಹೆಂಗಸರಿರಲಿಲ್ಲ. ಇಮಾಮಸಾಬ ಲಗಾಮು ಎಳೆದು, ಊರಾಗ ಏನೋ ಆಗೇತಿ, ತಿರುಗಿ ಹೋಗೋಣು ಅಂದ. ತಿರುಗಿಸು ಎನ್ನುವಷ್ಟರಲ್ಲಿ ಚಾವಡಿಯ ಕಡೆಯಿಂದ ನಾಲ್ಕಾರು ಜನ ಓಡಿಬಂದು ಕುದುರೆಯ ಬಾಯಿ ಹಿಡಿದರು. ನಗುತ್ತಿದ್ದರು.

ಚಾವಡಿಯ ಕಂಬಕ್ಕೆ ಒಬ್ಬ ಮನುಷ್ಯನನ್ನು ಕಟ್ಟಿದ್ದರು. ಅಂಗಿ ಹರಿದಿತ್ತು, ಹಣೆಯಿಂದ ಇಳಿದ ರಕ್ತ ಕಣ್ಣ ಮೇಲೆ ಒಣಗಿತ್ತು. ಮುಂದೆ ಮೂರು ಕಾಲಿನ ಮೇಲೆ ಒಂದು ಹಿತ್ತಾಳೆಯ ದುರ್ಬೀನು. ಊರ ಹಿರಿಯರಾದ ಬಸನಗೌಡರು ಕಟ್ಟೆಯಿಂದ ಇಳಿದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು.

"ನಿನ್ನ ಮಾತು ಖರೇ ಆತು ನೋಡಪಾ. ನೀ ಹೇಳಿದಾಂವನ್ನ ನಮ್ಮ ಹುಡುಗ್ರು ಹಿಡದಾರ" ಎಂದರು.

ಹಿಡಿದವರು ಗೌಡರ ತಮ್ಮನ ಮಗ ಮತ್ತು ಅವನ ಮೂವರು ಗೆಳೆಯರು, ಎಲ್ಲ ಮೀಸೆ ಚಿಗುರುವ ವಯಸ್ಸಿನವರು. ನಾನು ಸಾರಿದ್ದನ್ನು ಕೇಳಿ ತಾವೂ ಒಂದು ಗುಪ್ತ ದಳ ಕಟ್ಟಿಕೊಂಡು, ಕಾಲುವೆಯ ದಂಡೆಗೆ ಪಾಳಿ ಹಾಕಿ ಕಾಯುತ್ತಿದ್ದರಂತೆ. ಕಟ್ಟಿಸಿಕೊಂಡವರು ಕಾಲುವೆಯ ಸರ್ವೆಗೆ ಬಂದಿದ್ದ ಮಾಧವ ಭಟ್ಟರು, ಸಮುದ್ರದ ಕಡೆಯವರು. ಮಾತು ಪುಸ್ತಕದ ಹಾಗೆ, ಮೈಬಣ್ಣ ಬೇರೆ, ಊಟ ಬೇರೆ. ಅದಿಷ್ಟೇ ಸಾಲದೆಂಬಂತೆ, ಹುಡುಗರು ಅವರ ದುರ್ಬೀನಿನೊಳಗೆ ಕಣ್ಣಿಟ್ಟು ನೋಡಿದಾಗ ಊರು ತಲೆಕೆಳಗಾಗಿ ಕಂಡಿತ್ತು. ಗುಡಿಯ ಕಳಸ ಕೆಳಗೆ, ಮನೆಗಳ ಬುಡ ಮೇಲೆ. ಮಟ್ಟ ನೋಡುವ ಹಳೆಯ ಯಂತ್ರಗಳಲ್ಲಿ ಹಾಗೆ ಕಾಣುವುದೇ ಸರಿ, ಆದರೆ ಅದು ಯಾರಿಗೆ ಗೊತ್ತು? ಊರನ್ನು ಬುಡಮೇಲು ಮಾಡುವ ಯಂತ್ರ ಎಂದು ಒಬ್ಬ ಕೂಗಿದ್ದೇ ತಡ, ಏಟು ಬಿದ್ದಿದ್ದವು. ನನಗೂ ತೋರಿಸಿದರು. ನಾನೂ ಬಗ್ಗಿ ನೋಡಿದೆ.

ಪೊಲೀಸರಿಗೆ ಹೇಳಿ ಕಳಿಸಿದ್ದೀರಾ ಎಂದು ಕೇಳಿದೆ. ಪೊಲೀಸರು ರೊಕ್ಕ ತಿಂದು ಬಿಟ್ಟುಬಿಡುತ್ತಾರೆ, ಕಾಲುವೆ ತುಂಬಿ ಹರಿಯುತ್ತಿದೆ, ಅದಕ್ಕೇ ನೂಕಿಬಿಡೋಣ ಎಂದು ಹಿಂದಿನಿಂದ ಯಾರೋ ಅಂದರು. ಯಾರೂ ಅವನನ್ನು ಬೈಯಲಿಲ್ಲ. ನಾನು ಕೈ ಮುಗಿದೆ. ಇದೆಲ್ಲ ಸಿನಿಮಾ, ಕಟ್ಟುಕತೆ, ಡ್ಯಾಮಿಗೆ ಏನೂ ಆಗಿಲ್ಲ ಎಂದೆ. ಗೌಡರ ಮುಖದ ನಗೆ ಹೋಯಿತು.

"ಪುಸ್ತಕದಾಗ ಐತಿ ಅಂತ ನೀನ ಹೇಳಿದಿ. ಪುಸ್ತಕದಾಗ ಯಾರರ ಸುಳ್ಳು ಅಚ್ಚು ಹಾಕ್ತಾರೇನು? ಅಂವಗೂ ನಿನಗೂ ಏನರ ಐತೇನು ಮತ್ತ?"

ಆ ಪ್ರಶ್ನೆ ಬಿದ್ದ ಕೂಡಲೇ ಜನ ನನ್ನ ಸುತ್ತಲೂ ಒಂದು ಹೆಜ್ಜೆ ಹತ್ತಿರ ಬಂದರು. ಸುಳ್ಳು ಎಂದರೆ ನಾನೂ ಕಂಬಕ್ಕೆ ಹೋಗುತ್ತೇನೆ, ಖರೆ ಎಂದರೆ ಭಟ್ಟರು ಕಾಲುವೆಗೆ ಹೋಗುತ್ತಾರೆ. ಆಗ ಬಾಯಿಂದ ತಾನಾಗಿ ಬಂತು, ಗೌಡರೇ, ಕತೆ ಇನ್ನೂ ಮುಗಿದಿಲ್ಲ, ನಾನು ಅರ್ಧ ಮಾತ್ರ ಹೇಳಿದ್ದೇನೆ. ಅರ್ಧ ಕೇಳಿ ಒಬ್ಬನ ಜೀವ ತೆಗೆಯಬೇಡಿ.

ಹಾಗಾದರೆ ಮಿಕ್ಕಿದ್ದು ಹೇಳು ಅಂದರು ಗೌಡರು. ಮೈಕಿನಲ್ಲಿ ಬಂದ ಮಾತು, ಮೈಕಿನಲ್ಲೇ ಹೇಳಬೇಕು, ಎಲ್ಲರೂ ಕೇಳಲಿ.

ಟಾಂಗಾ ಹತ್ತಿದೆ. ಇಮಾಮಸಾಬ ವೈರು ಜೋಡಿಸುತ್ತ ನನ್ನ ಮುಖ ನೋಡಿದ. ಅವನಿಗೂ ಗೊತ್ತು, ನನಗೂ ಗೊತ್ತು. ಆ ಸಿನಿಮಾದ ಕೊನೆಯಲ್ಲಿ ದುರ್ಬೀನಿನವನೇ ಬೇಹುಗಾರ. ಮಕ್ಕಳು ಅವನ ಗಡ್ಡ ಕಿತ್ತು, ದುರ್ಬೀನನ್ನು ಡ್ಯಾಮಿಗೆ ಎಸೆಯುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಭಟ್ಟರ ಕತೆ ಅಲ್ಲಿಗೆ ಮುಗಿಯಿತು.

ಬೇರೆ ಕೊನೆ ಕಟ್ಟಬೇಕಿತ್ತು, ಅದೂ ನಿಂತ ಕಾಲಿನ ಮೇಲೆ. ದುರ್ಬೀನಿನವನನ್ನು ಒಳ್ಳೆಯವನನ್ನಾಗಿ ಮಾಡುವುದು ಸುಲಭ. ಸರಕಾರವೇ ವೇಷ ಹಾಕಿಸಿ ಕಳಿಸಿದ ಡ್ಯಾಮಿನ ಕಾವಲುಗಾರ ಅಂದೆ. ಹಾಗಾದರೆ ವೈರಿ ಯಾರು? ಜನ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದಾರೆ. ಫಕೀರ ಎನ್ನೋಣವೆಂದರೆ ಹಿಂದಿನ ಊರಿನಲ್ಲೇ ಒಬ್ಬ ಫಕೀರನನ್ನು ಕಂಡಿದ್ದೆ. ಬಳೆಗಾರ ಎಂದರೆ ನಾಳೆ ಬಳೆಗಾರನನ್ನು ಕಟ್ಟುತ್ತಾರೆ. ಗಿಳಿಶಾಸ್ತ್ರದವನು, ಗಡಿಯಾರ ರಿಪೇರಿಯವನು, ಆಂಧ್ರದ ವಲಸೆಗಾರರ ಕ್ಯಾಂಪಿಗೆ ಬರುವ ಬೀಜದ ವ್ಯಾಪಾರಿ, ಯಾರ ಹೆಸರು ಹೇಳಿದರೂ ಅವನ ಹೆಣ ಬೀಳುತ್ತದೆ. ಈ ಊರಿಗೆ ಯಾವ ಕಾಲಕ್ಕೂ ಕಾಲಿಡದ ಮನುಷ್ಯ ಬೇಕಿತ್ತು. ವೈರಿ ಒಬ್ಬ ಬಿಳಿಯ ರಾಣಿ, ಬಂಗಾರದ ಹಲ್ಲಿನವಳು, ಹೆಲಿಕಾಪ್ಟರಿನಲ್ಲಿ ಬರುತ್ತಾಳೆ ಅಂದೆ. ದುರ್ಬೀನಿನವನು ಆಕಾಶ ನೋಡಿ ನೋಡಿ ಅವಳನ್ನು ಕಂಡುಹಿಡಿದ, ಮಕ್ಕಳನ್ನು ಕರೆದುಕೊಂಡು ಹೋಗಿ ಡ್ಯಾಮು ಉಳಿಸಿದ. ನನ್ನ ದನಿ ನಡುಗುತ್ತಿತ್ತು. ಅದನ್ನೂ ಅವರು ಕತೆಯ ರಸ ಎಂದುಕೊಂಡರು.

ಆಗ ನೋಡಿದೆ. ಚಾವಡಿಯ ಪಕ್ಕದ ಬಾಗಿಲಲ್ಲಿ ಲಂಗ ದಾವಣಿಯ ಹುಡುಗಿಯೊಬ್ಬಳು ನಿಂತಿದ್ದಳು, ಎದೆಗೆ ಅವಚಿಕೊಂಡ ಪುಸ್ತಕದ ಮೇಲೆ ಅಣೆಕಟ್ಟಿನ ಚಿತ್ರ. ನಮ್ಮ ಟಾಕೀಸಿನ ಗೋಡೆಯ ಮೇಲೂ ಅದೇ ಚಿತ್ರ ಇತ್ತು. ಗೌಡರ ಮಗಳು ಗಿರಿಜಾ, ಕಾರಟಗಿಯ ಸೋದರತ್ತೆಯ ಮನೆಯಲ್ಲಿದ್ದು ಹೈಸ್ಕೂಲು ಓದುವವಳು, ರಜೆಗೆ ಬಂದಿದ್ದಳು. ಅವಳು ನನ್ನನ್ನು ಕಣ್ಣು ಕದಲಿಸದೆ ನೋಡುತ್ತಿದ್ದಳು. ಈ ಹುಡುಗಿ ಕಾದಂಬರಿ ಓದಿದ್ದಾಳೆ, ಕೊನೆ ಗೊತ್ತಿದೆ. ಅವಳು ಬಾಯಿ ತೆರೆದರೆ ಇಬ್ಬರ ಕತೆಯೂ ಮುಗಿಯಿತು. ಅವಳು ತೆರೆಯಲಿಲ್ಲ, ಒಳಗೆ ಹೋದಳು.

ಭಟ್ಟರ ಹಗ್ಗ ಬಿಚ್ಚಿದರು. ಗೌಡರೇ ಅರಿಶಿನ ಹಚ್ಚಿದರು, ಹಾಲು ಕುಡಿಸಿದರು, ತಪ್ಪಾತ್ರಿ ಸಾಹೇಬ್ರ ಎಂದು ಕೈ ಹಿಡಿದುಕೊಂಡರು. ನಾನು ಉಸಿರು ಬಿಡುವಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿದರು. ಬರುವ ಐತವಾರ ಊರಿಗೆ ಊರೇ ಚಕ್ಕಡಿ ಕಟ್ಟಿಕೊಂಡು ಗಂಗಾವತಿಗೆ ಬಂದು ಆ ಸಿನಿಮಾ ನೋಡುತ್ತದೆ, ಸಾಹೇಬರನ್ನು ಮುಂದೆ ಕೂಡಿಸಿಕೊಂಡು.

ಗಂಗಾವತಿಗೆ ಹೋಗಿ ಸಾವಕಾರರ ಕಾಲು ಹಿಡಿದೆ. ಐತವಾರದ ಮ್ಯಾಟಿನಿಗೆ ಬೇರೆ ಚಿತ್ರ ಹಾಕಿ, ಇಲ್ಲವೆ ಕೊನೆಯ ರೀಲು ಬಿಟ್ಟು ಮುಗಿಸಿ ಎಂದೆ. ಕೊನೆ ಹೇಳಿದೆಯಾ ಎಂದು ಮೊದಲು ಬೈದರು. ಹೇಳಿದ್ದು ಸುಳ್ಳು ಕೊನೆ ಎಂದಾಗ ಇನ್ನಷ್ಟು ಬೈದರು. ಚಿತ್ರ ತುಂಬಿ ಓಡುತ್ತಿದೆ, ಕೊನೆಯ ರೀಲಿಲ್ಲದೆ ಬಿಟ್ಟರೆ ಪೇಟೆಯ ಹುಡುಗರು ಟಾಕೀಸಿಗೆ ಬೆಂಕಿ ಇಡುತ್ತಾರೆ ಅಂದರು. ಅದೂ ಸುಳ್ಳಲ್ಲ. ಐತವಾರದ ತನಕ ನನಗೆ ಅನ್ನ ಇಳಿಯಲಿಲ್ಲ. ಹೆಂಡತಿ ಯಾರೋ ಮಾಟ ಮಾಡಿಸಿದ್ದಾರೆಂದು ಮೆಣಸಿನಕಾಯಿ ನಿವಾಳಿಸಿದಳು.

ಬಂದರು. ಚಕ್ಕಡಿಗಳು ಟಾಕೀಸಿನಿಂದ ರಸ್ತೆಯ ತನಕ ನಿಂತವು. ಭಟ್ಟರು ಹಣೆಗೆ ಪಟ್ಟಿ ಕಟ್ಟಿಕೊಂಡು ಗೌಡರ ಪಕ್ಕದ ಕುರ್ಚಿಯಲ್ಲಿ ಕುಳಿತರು. ಇಂಟರ್ವಲ್ಲಿನಲ್ಲಿ ಅವರನ್ನು ಸೋಡಾ ಅಂಗಡಿಯ ಹಿಂದಕ್ಕೆ ಕರೆದು ಇದ್ದದ್ದು ಹೇಳಿದೆ. ಇಮಾಮಸಾಬ ಹಿಂದಿನ ಗೇಟಿನಲ್ಲಿ ಟಾಂಗಾ ಇಟ್ಟುಕೊಂಡು ನಿಂತಿದ್ದಾನೆ, ನೇರ ಕೊಪ್ಪಳದ ಬಸ್ಸಿಗೆ ಬಿಡುತ್ತಾನೆ, ಹೋಗಿಬಿಡಿ ಎಂದೆ. ಅವರು ಗೋಡೆಗೆ ಒರಗಿದರು.

"ಇವತ್ತು ಓಡಿದ್ರೆ ನಾನು ಕಳ್ಳ ಅಂತಲೇ ಆಯ್ತಲ್ಲ ಮಾರಾಯ್ರೆ. ನನ್ನ ಹಿಂದೆ ಬರುವ ಸರ್ವೆಯವನನ್ನು ಇವರು ಬಿಟ್ಟಾರಾ? ನಾನು ಕೂತ್ಕೊಳ್ತೇನೆ" ಎಂದು ಒಳಗೆ ಹೋದರು.

ನಾನು ಗಂಡಸರ ಬೆಂಚುಗಳ ಪಕ್ಕದ ಬಾಗಿಲಿಗೆ ಆತುಕೊಂಡು ನಿಂತೆ. ಕೊನೆಯ ರೀಲು ಹತ್ತಿತು. ಪೇಟೆಯ ಹುಡುಗರು ಸಿಳ್ಳೆ ಹೊಡೆಯುತ್ತಿದ್ದರು. ಪರದೆಯ ಮೇಲೆ ಮಕ್ಕಳು ದುರ್ಬೀನಿನವನ ಗಡ್ಡ ಕಿತ್ತರು, ಅವನು ಬೇಹುಗಾರನೇ ಎಂದು ಪೊಲೀಸರು ಕೈಕೋಳ ಹಾಕಿದರು. ಹೆಲಿಕಾಪ್ಟರೂ ಇಲ್ಲ, ಬಂಗಾರದ ಹಲ್ಲೂ ಇಲ್ಲ. ಆ ಊರಿನವರ ಬೆಂಚುಗಳಿಂದ ಒಂದು ಕೆಮ್ಮೂ ಕೇಳಲಿಲ್ಲ. ದೀಪ ಹತ್ತಿದಾಗ ಅವರೆಲ್ಲ ಪರದೆಯನ್ನು ಬಿಟ್ಟು ಭಟ್ಟರನ್ನು ನೋಡುತ್ತಿದ್ದರು. ಗೌಡರ ತಮ್ಮನ ಮಗ ಎದ್ದು ಬಾಗಿಲಿಗೆ ಅಡ್ಡ ನಿಂತ. ಭಟ್ಟರು ಕುರ್ಚಿಯ ಕೈ ಹಿಡಿದುಕೊಂಡು ಕುಳಿತೇ ಇದ್ದರು.

ಗೌಡರು ನನ್ನನ್ನು ಬೆರಳಿನಿಂದ ಕರೆದರು. ನೀನು ಹೇಳಿದ್ದು ಎಲ್ಲಿ, ಇಲ್ಲಿ ಆದದ್ದು ಏನು ಎಂದರು. ಸಿನಿಮಾದವರು ಕತೆಯನ್ನು ಬದಲು ಮಾಡಿದ್ದಾರೆ, ಅವರು ಯಾವಾಗಲೂ ಹಾಗೇ, ನಾನು ಹೇಳಿದ್ದು ಪುಸ್ತಕದ ಕತೆ ಎಂದೆ.

"ಪುಸ್ತಕ ನಮ್ಮ ಹುಡುಗಿ ಓದ್ಯಾಳ" ಎಂದು ಗೌಡರು ಹೆಂಗಸರ ಕಡೆ ತಿರುಗಿ ಕೂಗಿದರು. "ಗಿರಿಜವ್ವಾ, ಇಲ್ಲಿ ಬಾ. ಪುಸ್ತಕದಾಗ ಈ ದುರ್ಬೀನಿನಾಂವ ಏನಾಕ್ಕಾನ?"

ಅವಳು ಬೆಂಚುಗಳ ನಡುವೆ ನಡೆದು ಬಂದಳು. ನನ್ನನ್ನು ನೋಡಲಿಲ್ಲ, ಭಟ್ಟರನ್ನೂ ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಅಪ್ಪನ ಮುಂದೆ ನಿಂತಳು. ದೇವರ ಹೆಸರು ಒಂದೂ ನೆನಪಿಗೆ ಬರಲಿಲ್ಲ ನನಗೆ.

"ಪುಸ್ತಕದಾಗ ಅಂವ ಛಲೋ ಮನಷ್ಯಾ ಅಪ್ಪಾ. ಮೈಕಿನಾಂವ ಹೇಳಿದಂಗ ಐತಿ. ಇವರ ಕೆಡಿಸ್ಯಾರ" ಅಂದಳು.

ಗೌಡರು ಮಗಳ ಮುಖ ನೋಡಿದರು. ಆಮೇಲೆ ಪರದೆಯ ಕಡೆ ತಿರುಗಿ, ಅಚ್ಚಾದ ಕತೆಯನ್ನೂ ಬಿಡದೆ ಕೆಡಿಸುವ ಈ ಸಿನಿಮಾ ಮಂದಿಯ ವಂಶವನ್ನೆಲ್ಲ ಬೈದರು. ಊರಿನವರೂ ಸೇರಿಕೊಂಡು ಬೈದರು. ಅಡ್ಡ ನಿಂತ ಹುಡುಗ ಬಾಗಿಲು ಬಿಟ್ಟ. ಭಟ್ಟರು ಗೌಡರ ಚಕ್ಕಡಿಯಲ್ಲೇ ಕುಳಿತು ಹೋದರು. ನಾನು ಟಾಕೀಸಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ.

ಮತ್ತೆ ಆ ಊರಿಗೆ ಹೋದದ್ದು ಸರ್ವೆ ಮುಗಿದು ಭಟ್ಟರು ಸುಖವಾಗಿ ಊರಿಗೆ ಹೋದ ಮೇಲೆ. ಹೊಸ ಚಿತ್ರದ ಹ್ಯಾಂಡ್‌ಬಿಲ್ ಬೇಕೆಂದು ಗಿರಿಜಾ ಟಾಂಗಾದ ಹತ್ತಿರ ಬಂದಳು. ಅವಳ ಕೈಗೆ ಕಾಗದ ಕೊಡುತ್ತ, ನಿನ್ನ ಉಪಕಾರ ಮರೆಯುವುದಿಲ್ಲ ತಾಯಿ, ಆದರೆ ಅಪ್ಪ ಪುಸ್ತಕವನ್ನೇ ತಾ, ಓದಿ ತೋರಿಸು ಎಂದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಸಿನಿಮಾ ನೋಡಿ ಬಂದ ಸಂಜೆಯೇ ಅಪ್ಪ ಕೇಳಿದರು ಅಂದಳು. ಗೌಡರ ತಮ್ಮನ ಮಗ ಅದನ್ನು ಕಿತ್ತುಕೊಂಡು ಕೊನೆಯ ಪುಟ ಹುಡುಕಿದನಂತೆ, ಸಿಗಲಿಲ್ಲವಂತೆ. ಸಿಗುವುದು ಹೇಗೆ? ನಾನು ಮೈಕಿನಲ್ಲಿ ಸುಳ್ಳು ಹೇಳಿದ ಬೆಳಿಗ್ಗೆಯೇ ಅವಳು ಒಳಗೆ ಹೋಗಿ ಆ ಹಾಳೆಗಳನ್ನು ಹರಿದು ಒಲೆಗೆ ಹಾಕಿದ್ದಳು.

ಅವಳು ಅತ್ತ ಇತ್ತ ನೋಡಿ ಟಾಂಗಾದ ಗಾಲಿಯ ಹತ್ತಿರ ಸರಿದು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು.

"ಅದು ಸಾಲಿ ಲೈಬ್ರರಿ ಪುಸ್ತಕ್ರಿ. ನಾಳೆ ರಜಾ ಮುಗೀತೈತಿ. ಹಾಳಿ ಎಲ್ಲಿ ಅಂತ ಮಾಸ್ತರ್ರು ಕೇಳಿದ್ರ ನಾ ಏನ ಹೇಳ್ಲಿ? ನನಗ ಭಾಳ ಅಂಜಿಕಿ ಆಗೇತ್ರಿ" ಅಂದಳು.

ಅಂದಿನ ಸಾರುವುದನ್ನು ಅಲ್ಲಿಗೇ ನಿಲ್ಲಿಸಿದೆ. ಮೈಕಿನ ವೈರು ಬಿಚ್ಚಿ, ಇಮಾಮಸಾಬನಿಗೆ ಕುದುರೆಯನ್ನು ಕಾರಟಗಿಯ ಸಾಲಿ ಮಾಸ್ತರರ ಮನೆಯ ಕಡೆ ತಿರುಗಿಸು ಅಂದೆ.